ಮೆಣಸಿನಿಂದ ಎದ್ದ ನಗರ

ಯೂರೋಪು ಖಂಡದ ಪಡುವಣ ಅಂಚಿನಲ್ಲಿ, ತೇಜೊ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವೆಡೆಯಲ್ಲಿ, ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರ ದಿಬ್ಬದಿಂದ ದಿಬ್ಬಕ್ಕೆ ಹಬ್ಬಿಕೊಂಡಿದೆ. ಅಲ್ಲಿಯ ಅಳಿವೆ ಸಾಮಾನ್ಯವಾದುದಲ್ಲ. ಕಡಲಿನಿಂದ ಒಳಬರುವಾಗ ಬಾಯಿ ಕಿರಿದು. ಅದನ್ನು ದಾಟಿ ನಗರದ ಮುಂದಕ್ಕೆ ಬಂದೊಡನೆ ನೀರು ಒಮ್ಮೆಲೇ ಅಗಲವಾಗಿ, ಆಚೆಯ ದಡ ಮಸುಕಾಗಿ, ಇದು ಹೊಳೆಯೆಂಬುದೇ ಮರೆತುಹೋಗುತ್ತದೆ. ಊರಿನವರು ಆ ವಿಸ್ತಾರವನ್ನು ‘ಒಣಹುಲ್ಲಿನ ಕಡಲು’ ಎಂದು ಕರೆಯುತ್ತಾರೆ. ಇಳಿಹೊತ್ತಿನ ಬಿಸಿಲಿನಲ್ಲಿ ಅದರ ಹೊಂಬಣ್ಣವನ್ನು ಕಂಡವರಿಗೆ ಆ ಹೆಸರು ಒಪ್ಪುವಂತೆಯೇ ಇದೆ. ಸದಾಶಿವಗಡದ ನೆತ್ತಿಯಿಂದ ಕಾಳಿ ನದಿ ಕಡಲು ಸೇರುವುದನ್ನು ನೋಡಿದ್ದವರಿಗೆ ಈ ನೋಟ ತೀರ ಹೊಸದೆನಿಸದು.

ಪ್ಯಾರಿಸ್ಸಿಗೋ ವಿಯೆನ್ನಕ್ಕೋ ಹೋದ ಭಾರತೀಯನು ಅಲ್ಲಿಯ ವೈಭವವನ್ನು ಅತಿಥಿಯ ಕಣ್ಣಿನಿಂದ ನೋಡಿ ಬರುತ್ತಾನೆ. ಲಿಸ್ಬನ್ನಿನಲ್ಲಿ ಅವನು ಬರಿಯ ಅತಿಥಿಯಲ್ಲ. ಅದರಲ್ಲಿಯೂ ಕರಾವಳಿಯ ಕನ್ನಡಿಗನಾದರೆ, ತನ್ನ ಮನೆಯಿಂದ ಎಂದೋ ಹೋದ ಒಡವೆಯನ್ನು ಪರರ ಮನೆಯ ಮದುವೆಯಲ್ಲಿ ಗುರುತಿಸಿದ ನೆಂಟನ ಸ್ಥಿತಿ ಅವನದು. ಬೆರಗಾಗಬೇಕೋ, ಸಿಟ್ಟಾಗಬೇಕೋ ಎಂಬ ಇಕ್ಕಟ್ಟು ಮೊದಲನೆಯ ದಿನವೇ ಎದುರಾಗುತ್ತದೆ. ಅದನ್ನು ತಪ್ಪಿಸಿಕೊಳ್ಳುವುದಕ್ಕಿಂತ ನೇರವಾಗಿ ಎದುರಿಸುವುದೇ ಲೇಸು. ಅದಕ್ಕೆ ತಕ್ಕ ಸ್ಥಳ ಬೆಲೆಂ.

ಬೆಲೆಂ ಎಂಬುದು ನಗರದ ನಡುಭಾಗದಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರು ದೂರದ ನದೀತೀರದ ಬಡಾವಣೆ. 1497ರ ಜುಲೈ 8ರಂದು ವಾಸ್ಕೋ ಡ ಗಾಮ ನಾಲ್ಕು ಹಡಗುಗಳೊಡನೆ ಹೊರಟದ್ದು ಈ ದಡದಿಂದಲೇ. ಮರುವರ್ಷ ಮೇ ತಿಂಗಳಿನಲ್ಲಿ ಅವನು ಕಲ್ಲಿಕೋಟೆಯನ್ನು ತಲುಪಿದ ಕತೆ ಶಾಲೆಯ ಮಕ್ಕಳಿಗೂ ತಿಳಿದದ್ದು. ಹಿಂದಿರುಗುವ ಹಾದಿಯಲ್ಲಿ ಹಡಗುಗಳ ದುರಸ್ತಿಗಾಗಿಯೂ ಸಿಹಿನೀರಿಗಾಗಿಯೂ ಅವನು ತಂಗಿದ್ದು ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ ಎಂಬುದು ಅಷ್ಟಾಗಿ ತಿಳಿದಿಲ್ಲ. 1498ರ ಅಕ್ಟೋಬರಿನಲ್ಲಿ ಅಲ್ಲಿಂದ ಹೊರಟ ಹಡಗುಗಳಿಗೆ ಗಾಳಿ ಅನುಕೂಲವಾಗಲಿಲ್ಲ. ಅರಬ್ಬೀ ಸಮುದ್ರವನ್ನು ದಾಟುವುದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಬಾತು ರಕ್ತ ಒಸರುವ ರೋಗದಿಂದ ನಾವಿಕರು ಒಬ್ಬೊಬ್ಬರಾಗಿ ಸತ್ತರು. ಹೊರಟವರಲ್ಲಿ ಮರಳಿ ಲಿಸ್ಬನ್ನನ್ನು ಕಂಡವರು ಅರ್ಧಕ್ಕಿಂತ ಕಡಿಮೆ.

ಹಡಗು ಹೊರಟ ಎಡೆಯಲ್ಲಿ ದೊರೆ ಮಾನುಯೆಲನು ಜೆರೋನಿಮೋಸ್ ಮಠವನ್ನು ಕಟ್ಟಿಸಿದನು. ಕೆಲಸ ಆರಂಭವಾದದ್ದು 1501ರ ಸುಮಾರಿಗೆ. ಪೂರ್ತಿಯಾಗುವುದಕ್ಕೆ ಹತ್ತಿರಹತ್ತಿರ ನೂರು ವರ್ಷ ಬೇಕಾಯಿತು. ಹಣ ಬಂದದ್ದು ಮುಖ್ಯವಾಗಿ ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ಎತ್ತಿದ ಸುಂಕದಿಂದ. ಅದಕ್ಕೆ ‘ಮೆಣಸಿನ ಇಪ್ಪತ್ತನೆಯ ಪಾಲು’ ಎಂದೇ ಹೆಸರು. ಬಿಳಿಯ ಸುಣ್ಣಗಲ್ಲಿನಲ್ಲಿ ಹಡಗಿನ ಹಗ್ಗ, ಹಗ್ಗದ ಗಂಟು, ಹವಳ, ಕಡಲಬಳ್ಳಿ ಎಲ್ಲವನ್ನೂ ಕಡೆದು ನಿಲ್ಲಿಸಿದ್ದಾರೆ. ಒಳಗೆ ಗರ್ಭಗೃಹದ ಇಕ್ಕೆಲದಲ್ಲಿ ಅರಸರ ಸಮಾಧಿಗಳುಂಟು. ಅವನ್ನು ಬೆನ್ನಮೇಲೆ ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು! ಬೇಲೂರು ಹಳೆಯಬೀಡುಗಳ ಜಗತಿಯ ಗಜಸಾಲನ್ನು ಕಂಡು ಬೆಳೆದ ಕಣ್ಣಿಗೆ, ಕ್ರೈಸ್ತ ದೇವಾಲಯದೊಳಗೆ ಈ ಆನೆಗಳನ್ನು ಎದುರುಗೊಳ್ಳುವುದು ವಿಚಿತ್ರವಾದ ಅನುಭವ. ಬಾಗಿಲ ಬಳಿ ಒಂದು ಕಡೆ ಗಾಮನ ಸಮಾಧಿ, ಇನ್ನೊಂದು ಕಡೆ ಕವಿ ಕಾಮೋಯಿಂಶನದು. ಗಾಮನು ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಅವನ ಎಲುಬುಗಳು ಊರೂರು ಸುತ್ತಿ ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕವಿಯ ಸಮಾಧಿಯಲ್ಲಿರುವುದು ಕವಿಯದೇ ಎಲುಬೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯ. ಗೋವೆಯಲ್ಲಿ ಬಡತನದಲ್ಲಿ ಬಾಳಿದ್ದ ಕವಿಗೆ ಸತ್ತಮೇಲಾದರೂ ಭವ್ಯವಾದ ಮನೆ ದೊರೆತಿದೆ.

ಈ ಮೆಣಸು ಎಲ್ಲಿಯದು? ಆರಂಭದ ವರ್ಷಗಳಲ್ಲಿ ಬಹುಪಾಲು ಮಲಬಾರಿನದೆಂಬುದನ್ನು ಒಪ್ಪಬೇಕು. ಆದರೆ ಕನ್ನಡ ಕರಾವಳಿ ಬಹುಬೇಗ ಈ ಲೆಕ್ಕದಲ್ಲಿ ಸೇರಿತು. 1505ರಲ್ಲಿ ಮೊದಲ ವೈಸರಾಯ್ ಅಲ್ಮೇಯ್ದನು ಅಂಜದೀವಿನಲ್ಲಿ ಕೋಟೆ ಕಟ್ಟಿದನು. ಅದೇ ವರ್ಷ ಹೊನ್ನಾವರದ ರೇವಿನಲ್ಲಿ ಹಡಗುಗಳಿಗೆ ಬೆಂಕಿಯಿಟ್ಟನು. ಐದು ವರ್ಷಗಳ ಮೇಲೆ ಅಲ್ಬುಕರ್ಕನು ಗೋವೆಯನ್ನು ಹಿಡಿದಾಗ, ಅವನಿಗೆ ದಾರಿ ತೋರಿಸಿದವನು ಅದೇ ಹೊನ್ನಾವರದ ತಿಮ್ಮಯ್ಯ! ಪೋರ್ಚುಗೀಸರ ಬರೆಹಗಳಲ್ಲಿ ಅವನು ‘ತಿಮೋಜ’. ಊರಿನವರ ಜಗಳ ಪರರಿಗೆ ಬಾಗಿಲಾಗುವುದು ಕನ್ನಡನಾಡಿನ ಚರಿತ್ರೆಯಲ್ಲಿ ಅದೇ ಮೊದಲಲ್ಲ, ಕೊನೆಯೂ ಅಲ್ಲ. 1568-69ರ ಸುಮಾರಿಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳೆದ್ದವು. ಆ ಶತಮಾನದಲ್ಲಿಯೇ ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ಕೊಡಲೊಪ್ಪದೆ ಅವರೊಡನೆ ಕಾದಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಅವಳ ಕೈಯಿಂದ ಇಳಿದುಬರಬೇಕಾಗಿದ್ದುದರಿಂದ ಆ ಬಿರುದಿನಲ್ಲಿ ಗೌರವದಷ್ಟೇ ವ್ಯಾಪಾರಿಯ ಅಸಹನೆಯೂ ಇದ್ದಿರಬೇಕು. ಇವೆಲ್ಲಕ್ಕಿಂತ ಆಳವಾದ ಗುರುತು ಮನೆಮನೆಗಳಲ್ಲಿ ಉಳಿದಿದೆ. ಗೋವೆಯಲ್ಲಿ ಮತಾಂತರದ ಒತ್ತಡಕ್ಕೂ 1560ರಲ್ಲಿ ಆರಂಭವಾದ ಧರ್ಮವಿಚಾರಣೆಯ ನ್ಯಾಯಾಲಯಕ್ಕೂ ಹೆದರಿ ಸಾರಸ್ವತರೂ, ಕ್ರೈಸ್ತರಾದ ಮೇಲೆಯೂ ನೆಮ್ಮದಿ ಕಾಣದ ಕುಟುಂಬಗಳೂ ತಲೆಮಾರು ತಲೆಮಾರಾಗಿ ಕನ್ನಡ ಜಿಲ್ಲೆಗಳಿಗೆ ಬಂದು ನೆಲೆಸಿದವು. ಮನೆ ಮಂಗಳೂರಿನಲ್ಲಿ, ಕುಲದೇವತೆ ಗೋವೆಯಲ್ಲಿ ಎನ್ನುವ ಎಷ್ಟೋ ಸಂಸಾರಗಳ ಹಿಂದಿರುವುದು ಬೆಲೆಂ ದಡದಿಂದ ಹೊರಟ ಆ ಹಡಗುಗಳೇ.

ಮಠದಿಂದ ಸ್ವಲ್ಪ ದೂರ ನಡೆದರೆ ನೀರಿನಲ್ಲಿಯೇ ಕಾಲೂರಿದಂತೆ ಕಾಣುವ ಬೆಲೆಂ ಬುರುಜು. 1519ರ ಸುಮಾರಿಗೆ ಮುಗಿದ ಈ ಕಟ್ಟಡದ ಒಂದು ಕಾವಲುಗೂಡಿನ ಬುಡದಲ್ಲಿ, ಮಳೆಗಾಳಿಗೆ ಸವೆದ ಖಡ್ಗಮೃಗದ ತಲೆಯೊಂದಿದೆ. ಇದಕ್ಕೆ ಮೂಲ ಗುಜರಾತಿನಿಂದ ಹೋದ ಒಂದು ನಿಜವಾದ ಖಡ್ಗಮೃಗ. ಗುಜರಾತಿನ ಸುಲ್ತಾನನು ಅಲ್ಬುಕರ್ಕನಿಗೆ ಕೊಟ್ಟ ಆ ಪ್ರಾಣಿಯನ್ನು ಅವನು ಗೋವೆಯಿಂದ ದೊರೆಗೆ ಕಳುಹಿಸಿದನು. 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್ನಿನಲ್ಲಿ ಇಳಿಯಿತು. ದೊರೆ ಅದನ್ನು ಆನೆಯೊಡನೆ ಕಾದಾಡಿಸಲು ಹೊರಟಾಗ ಆನೆ ಕಟ್ಟು ಹರಿದು ಓಡಿತಂತೆ. ಮುಂದೆ ಪೋಪ್ ಗುರುವಿಗೆ ಕಾಣಿಕೆಯಾಗಿ ಹೊರಟ ಹಡಗು ಇಟಲಿಯ ಕರಾವಳಿಯಲ್ಲಿ ಮುಳುಗಿ, ಸರಪಳಿಯಲ್ಲಿ ಬಿಗಿದಿದ್ದ ಆ ಮೂಕಪ್ರಾಣಿಯೂ ಮುಳುಗಿತು. ಜರ್ಮನಿಯ ಕಲಾವಿದ ಡ್ಯೂರರನು ಅದನ್ನು ಕಣ್ಣಿನಿಂದ ಕಾಣದೆಯೇ ಕೊರೆದ ಚಿತ್ರ ಇಂದಿಗೂ ಲೋಕವಿಖ್ಯಾತ.

ಬುರುಜಿಗೂ ಮಠಕ್ಕೂ ನಡುವೆ ಹಡಗಿನ ಮೂತಿಯಾಕಾರದ ಒಂದು ದೊಡ್ಡ ಸ್ಮಾರಕವುಂಟು. 1960ರಲ್ಲಿ, ಸಾಲಾಜಾರನ ಸರ್ವಾಧಿಕಾರದ ಕಾಲದಲ್ಲಿ, ‘ಶೋಧನೆ’ಗಳ ಕೀರ್ತಿಗಾಗಿ ನಿಲ್ಲಿಸಿದ್ದು. ಅದರ ಮುಂದಿನ ನೆಲದ ಮೇಲೆ ಬಣ್ಣದ ಕಲ್ಲಿನಲ್ಲಿ ಲೋಕದ ನಕಾಶೆ. ಯಾವ ನಾಡನ್ನು ಎಂದು ಮುಟ್ಟಿದರೆಂಬ ಇಸವಿಗಳು. ಮಕ್ಕಳು ಅದರ ಮೇಲೆ ಕುಣಿದಾಡುತ್ತಿರುತ್ತಾರೆ. ಸ್ಮಾರಕ ಎದ್ದ ಮರುವರ್ಷವೇ, 1961ರ ಡಿಸೆಂಬರಿನಲ್ಲಿ, ಗೋವೆ ಕೈಬಿಟ್ಟಿತು. ಕಲ್ಲಿನ ಕೆಲಸಕ್ಕೆ ಕೈಹಾಕುವ ಸರಕಾರಗಳು ಪಂಚಾಂಗ ನೋಡುವುದಿಲ್ಲವೆಂದು ತೋರುತ್ತದೆ. ಇಷ್ಟು ನೋಡಿ ದಣಿದವರು ಮಠದ ಪಕ್ಕದಲ್ಲಿ 1837ರಿಂದ ನಡೆಯುತ್ತಿರುವ ಅಂಗಡಿಯಲ್ಲಿ ಕೆನೆ ತುಂಬಿದ ಪುಟ್ಟ ಬಿಸಿ ಕಜ್ಜಾಯಗಳನ್ನು ತಿಂದು ಸುಧಾರಿಸಿಕೊಳ್ಳುತ್ತಾರೆ. ಅದರಲ್ಲಿ ಮೊಟ್ಟೆಯ ಹಳದಿಯೇ ಪ್ರಧಾನವೆಂಬುದನ್ನು ಸಸ್ಯಾಹಾರಿಗಳು ಮೊದಲೇ ತಿಳಿದಿರುವುದು ಒಳ್ಳೆಯದು.

ನಗರದ ನಡುವಿಗೆ ಬಂದರೆ ನದಿಗೆ ತೆರೆದುಕೊಂಡ ವಿಶಾಲವಾದ ಚೌಕ. ಸರಕಾರಿ ಹೆಸರು ‘ವ್ಯಾಪಾರ ಚೌಕ’. ಜನ ಮಾತ್ರ ಈಗಲೂ ‘ಅರಮನೆಯ ಅಂಗಳ’ ಎನ್ನುತ್ತಾರೆ. ಅರಮನೆ ಹೋಗಿ ಎರಡೂವರೆ ಶತಮಾನ ಕಳೆದಿದೆ. ಅರಮನೆಗೆ ಹೊಂದಿಕೊಂಡೇ ‘ಇಂಡಿಯಾ ಮನೆ’ ಎಂಬ ಕಚೇರಿಯಿತ್ತು. ಮೆಣಸಿನ ತೂಕ, ಬೆಲೆ, ಸುಂಕ ಎಲ್ಲವೂ ಅಲ್ಲಿಯ ಕಡತಗಳಲ್ಲಿದ್ದವು. 1755ರ ನವೆಂಬರ್ 1, ಕ್ರೈಸ್ತರ ಸಕಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಜನ ಚರ್ಚುಗಳಲ್ಲಿ ಕಿಕ್ಕಿರಿದಿದ್ದರು. ನೆಲ ಕೆಲವು ನಿಮಿಷಗಳ ಕಾಲ ಅಲುಗಿತು. ಕಮಾನುಗಳು ಕುಸಿದು ತಲೆಯ ಮೇಲೆ ಬಿದ್ದುವು. ಬದುಕಿದವರು ಬಯಲು ಸಿಕ್ಕೀತೆಂದು ಈ ನದೀತೀರಕ್ಕೆ ಓಡಿಬಂದರು; ನೀರು ಹಿಂದೆ ಸರಿದು ನೆಲ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಕಡಲು ಗೋಡೆಯಂತೆ ಎದ್ದು ಅವರ ಮೇಲೆ ಬಂತು. ಇತ್ತ ಹಬ್ಬದ ಮೇಣದ ಬತ್ತಿಗಳಿಂದಲೂ ಮನೆಯ ಒಲೆಗಳಿಂದಲೂ ಹತ್ತಿದ ಬೆಂಕಿ ಹಲವು ದಿನ ಉರಿಯಿತು. ನೆಲ, ನೀರು, ಬೆಂಕಿ ಮೂರೂ ಕೂಡಿ ಹತ್ತಾರು ಸಾವಿರ ಜನರನ್ನು ಕೊಂದುವು. ಅರಮನೆಯೂ, ಅದರ ಗ್ರಂಥಭಂಡಾರವೂ, ಇಂಡಿಯಾ ಮನೆಯ ಕಡತಗಳೂ ನಾಶವಾದುವು. ಕನ್ನಡ ರೇವುಗಳಿಂದ ಎಷ್ಟು ಮೂಟೆ ಮೆಣಸು ಹೋಯಿತೆಂಬ ಪೂರ್ತಿ ಲೆಕ್ಕ ಇನ್ನು ಯಾರಿಗೂ ಸಿಕ್ಕುವಂತಿಲ್ಲ.

ಊರನ್ನು ಮತ್ತೆ ಎತ್ತಿ ನಿಲ್ಲಿಸಿದ ಮಂತ್ರಿ ಮುಂದೆ ಪೊಂಬಾಲದ ಮಾರ್ಕ್ವಿಸ್ ಎಂಬ ಬಿರುದು ಪಡೆದವನು; ಕಠಿಣ ಮನುಷ್ಯ, ಆದರೆ ಕೆಲಸಗಾರ. ಬೀದಿಗಳನ್ನು ನೂಲು ಹಿಡಿದಂತೆ ನೇರವಾಗಿ ಎಳೆಸಿ, ಅಕ್ಕಸಾಲೆ, ಬೆಳ್ಳಿ ಕೆಲಸದವರು, ಚಮ್ಮಾರರು ಎಂದು ಕಸುಬಿಗೊಂದು ಬೀದಿ ಕೊಟ್ಟನು. ಗೋಡೆಗಳ ಒಳಗೆ ಮರದ ತೊಲೆಗಳನ್ನು ಅಡ್ಡಡ್ಡ ಕೂಡಿಸಿ ಪಂಜರ ಮಾಡಿಸಿದನು. ನೆಲ ಅಲುಗಿದರೆ ಮರ ಬಾಗುತ್ತದೆ, ಮುರಿಯುವುದಿಲ್ಲವೆಂಬುದು ಯುಕ್ತಿ. ಮಾದರಿಯ ಸುತ್ತ ಸೈನಿಕರನ್ನು ಕಾಲಪ್ಪಳಿಸಿ ನಡೆಸಿ ಪರೀಕ್ಷೆ ಮಾಡಿದರೆಂದು ಹೇಳುತ್ತಾರೆ. ದೊರೆ ಜೋಸೆಗೆ ಮಾತ್ರ ಕಲ್ಲಿನ ಚಾವಣಿಯ ಭಯ ಹೋಗಲೇ ಇಲ್ಲ. ಸಾಯುವವರೆಗೂ ಅವನ ವಾಸ ಗುಡ್ಡದ ಮೇಲಿನ ಮರದ ಬಿಡಾರದಲ್ಲಿ. ಚೌಕದ ನಡುವೆ ಕುದುರೆಯೇರಿ ಧೀರನಂತೆ ನಿಂತಿರುವ ಪ್ರತಿಮೆ ಇವನದೇ. ಮೇಲುದಿಬ್ಬದಲ್ಲಿ ಕಾರ್ಮೊ ಮಠದ ಚಾವಣಿಯಿಲ್ಲದ ಕಮಾನುಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಹಂಪೆಯಲ್ಲಿ ಅಡ್ಡಾಡಿದವರಿಗೆ ಅಲ್ಲಿ ನಿಲ್ಲುವುದು ಹೇಗೆಂದು ಯಾರೂ ಕಲಿಸಬೇಕಾಗಿಲ್ಲ.

ಹಂಪೆಯ ಮಾತು ಬಂದದ್ದು ಆಕಸ್ಮಿಕವಲ್ಲ. ಲಿಸ್ಬನ್ನಿನ ಮೇಲೆ ಸಿಟ್ಟಾದ ಕನ್ನಡಿಗನು ಅದೇ ಊರಿಗೆ ಒಂದು ಋಣವನ್ನೂ ಒಪ್ಪಬೇಕಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ದೊಮಿಂಗೋ ಪಾಯಿಸ್ ಎಂಬ ಪೋರ್ಚುಗೀಸನು ವಿಜಯನಗರವನ್ನು ಕಂಡು, ಕಂಡದ್ದನ್ನು ಕಂಡಂತೆ ಬರೆದನು. ಊರು ರೋಮಿನಷ್ಟು ದೊಡ್ಡದೆಂದು ಅವನಿಗೆ ತೋರಿತು. ಮಹಾನವಮಿಯ ಒಂಬತ್ತು ದಿನಗಳ ವೈಭವ, ಬೆಳಗಾಗುವುದಕ್ಕೆ ಮುನ್ನವೇ ರಾಯನು ಎಣ್ಣೆ ಹಚ್ಚಿಕೊಂಡು ಸಾಮು ಮಾಡಿ ಕುಸ್ತಿಯಾಡುತ್ತಿದ್ದುದು, ಅವನ ಮುಖದ ಮೇಲಿನ ಸಿಡುಬಿನ ಕಲೆ, ಇವೆಲ್ಲ ಇಂದು ಕನ್ನಡಿಗರಿಗೆ ತಿಳಿದಿರುವುದು ಆ ಬರೆಹದಿಂದ. ಅವನ ತರುವಾಯ ಅಚ್ಯುತರಾಯನ ಕಾಲದಲ್ಲಿ ಬಂದ ಕುದುರೆ ವ್ಯಾಪಾರಿ ನೂನಿಸನು ರಾಜವಂಶದ ಚರಿತ್ರೆಯನ್ನೇ ಬರೆದನು. ಸಾಳುವ ನರಸಿಂಹನಿಗೆ ಕುದುರೆಗಳ ಹಂಬಲ ಎಷ್ಟಿತ್ತೆಂದರೆ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರಿಗೆ ಇಂಥ ವಿಷಯ ಮರೆಯುತ್ತದೆಯೆ!

ಈ ಎರಡು ಬರೆಹಗಳ ಹಸ್ತಪ್ರತಿ ಹೇಗೋ ಪ್ಯಾರಿಸ್ಸಿನ ಗ್ರಂಥಾಲಯವನ್ನು ಸೇರಿತ್ತು. ದಾವಿದ್ ಲೋಪಿಸ್ ಎಂಬ ವಿದ್ವಾಂಸನು ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು. ಮೂರು ವರ್ಷಕ್ಕೆ ರಾಬರ್ಟ್ ಸೂಯೆಲನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ‘ಮರೆತುಹೋದ ಒಂದು ಸಾಮ್ರಾಜ್ಯ’ ಎಂಬ ತನ್ನ ಗ್ರಂಥದಲ್ಲಿ ಸೇರಿಸಿದನು. ಕನ್ನಡನಾಡಿನ ಶಾಲಾಪುಸ್ತಕಗಳಲ್ಲಿ, ಕಾದಂಬರಿಗಳಲ್ಲಿ, ಚಲನಚಿತ್ರಗಳಲ್ಲಿ ಇಂದು ಮೆರೆಯುವ ಕೃಷ್ಣದೇವರಾಯನ ರೂಪಕ್ಕೆ ಬಣ್ಣ ಬಂದದ್ದು ಬಹುಮಟ್ಟಿಗೆ ಅಲ್ಲಿಂದ. ಉಳ್ಳಾಲಕ್ಕೆ ಫಿರಂಗಿ ಕಳುಹಿಸಿದ ಜನರೇ ವಿಜಯನಗರಕ್ಕೆ ಕಣ್ಣು ಕಳುಹಿಸಿದರು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಸರಿಹೋಗದು. ಉಳಿದ ಕಾಗದಗಳನ್ನು ನೋಡಬೇಕೆನ್ನುವವರು ವಿಶ್ವವಿದ್ಯಾನಿಲಯದ ಬಡಾವಣೆಯಲ್ಲಿರುವ ತೋರ್ರೆ ದು ತೊಂಬೊ ಎಂಬ ರಾಷ್ಟ್ರೀಯ ದಾಖಲೆಭವನಕ್ಕೆ ಹೋಗಬೇಕು. ಹಿಂದೆ ಅದು ಕೋಟೆಯ ಒಂದು ಬುರುಜಿನಲ್ಲಿತ್ತು; ಭೂಕಂಪದಲ್ಲಿ ಬುರುಜು ಬಿದ್ದಾಗ ಕಲ್ಲುಮಣ್ಣಿನ ಅಡಿಯಿಂದ ಕಟ್ಟುಗಳನ್ನು ಹೆಕ್ಕಿ ತೆಗೆದು ಉಳಿಸಿದರು. ಗೋವೆಗೂ ಲಿಸ್ಬನ್ನಿಗೂ ನಡುವೆ ಮಾರುತದ ಗಾಳಿಯೊಡನೆ ಓಡಾಡಿದ ಪತ್ರಗಳ ಸಂಪುಟಗಳು ಅಲ್ಲಿವೆ. ಅವುಗಳ ಹೆಸರೂ ‘ಮಾನ್ಸೂನ್ ಪುಸ್ತಕಗಳು’ ಎಂದೇ.

ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಬಡಾವಣೆ ಅಲ್ಫಾಮ. ಕೋಟೆಯ ದಿಬ್ಬದಿಂದ ನದಿಯವರೆಗೆ ಇಳಿಯುವ ಓಣಿಗಳು. ಎರಡು ಕೈ ಚಾಚಿದರೆ ಎರಡು ಮನೆಯ ಗೋಡೆ ಮುಟ್ಟುವಷ್ಟು ಇಕ್ಕಟ್ಟು. ಹೆಸರು ಅರಬ್ಬೀ ಮೂಲದ್ದು. 1147ರವರೆಗೆ ಊರು ಮುಸಲ್ಮಾನರ ಕೈಯಲ್ಲಿತ್ತು. ಮನೆಗಳ ಮುಖಕ್ಕೆ ಹಚ್ಚುವ ಬಣ್ಣದ ಹೆಂಚುಬಿಲ್ಲೆಗಳ ಹೆಸರೂ ಅರಬ್ಬೀಯಿಂದಲೇ ಬಂದದ್ದು. ಜೂನ್ 12ರ ರಾತ್ರಿ ಇಲ್ಲಿ ಸಂತ ಅಂತೋನಿಯ ಉತ್ಸವ. ಆತ ಹುಟ್ಟಿದ್ದು ಈ ಊರಿನಲ್ಲಿಯೇ. ಓಣಿಗಳಲ್ಲಿ ಕೆಂಡದ ಮೇಲೆ ಭೂತಾಯಿ ಮೀನಿನ ಜಾತಿಯ ಸಾರ್ಡೀನು ಸುಡುತ್ತಾರೆ. ಮಂಗಳೂರಿನವರಿಗೆ ಆ ವಾಸನೆಯೇ ಸಾಕು, ವಿಳಾಸ ಕೇಳಬೇಕಾಗಿಲ್ಲ. ಅಂದು ಪ್ರಿಯರಿಗೆ ಕಾಮಕಸ್ತೂರಿಯ ಜಾತಿಯ ಸಣ್ಣ ಗಿಡವೊಂದನ್ನು ಕುಂಡದಲ್ಲಿಟ್ಟು, ಕಾಗದದ ಹೂವನ್ನೂ ನಾಲ್ಕು ಸಾಲಿನ ಪದ್ಯವನ್ನೂ ಸಿಕ್ಕಿಸಿ ಕೊಡುವುದು ವಾಡಿಕೆ. ಮೂಗನ್ನು ಗಿಡಕ್ಕೆ ತಗಲಿಸಬಾರದು. ಅಂಗೈಯಿಂದ ಸವರಿ ಅಂಗೈಯನ್ನು ಮೂಸಬೇಕು. ಗಿಡ ಬಾಡೀತೆಂಬ ನಂಬಿಕೆ.

ಅಲ್ಫಾಮದ ಓಣಿಯಲ್ಲಿ ಕಿವಿಗೊಟ್ಟು ನಡೆದರೆ ಕೆಲವು ಮಾತುಗಳು ಥಟ್ಟನೆ ತಿಳಿಯುತ್ತವೆ. ‘ಮೆಜ’ ಎಂದರೆ ಮೇಜು, ‘ಶಾವಿ’ ಎಂದರೆ ಚಾವಿ, ‘ಸಬಾವ್’ ಸಾಬೂನು, ‘ಪಾದ್ರಿ’ಗೆ ಭಾಷಾಂತರವೇ ಬೇಡ, ‘ಇಗ್ರೆಜ’ವನ್ನು ಕರಾವಳಿಯವರು ಇಗರ್ಜಿ ಎನ್ನುತ್ತಾರೆ. ‘ಅನನಾಸ್’, ‘ಬತಾತ’ಗಳ ಜೊತೆಗೆ ಗೇರು, ಪರಂಗಿ, ಹೊಗೆಸೊಪ್ಪುಗಳೂ ಇವರ ಹಡಗುಗಳಲ್ಲಿಯೇ ಅಮೆರಿಕದಿಂದ ಬಂದುವು. ಎಲ್ಲಕ್ಕಿಂತ ಸ್ವಾರಸ್ಯವಾದುದು ಮೆಣಸಿನಕಾಯಿ. ಆ ಗಿಡ ಕಡಲು ದಾಟಿ ಬರುವ ಮುನ್ನ ಕನ್ನಡದಲ್ಲಿ ಮೆಣಸು ಎಂದರೆ ಒಂದೇ ಮೆಣಸು. ಹೊಸ ಕಾಯಿ ಖಾರದಲ್ಲಿ ಅದನ್ನು ಹೋಲಿದ್ದರಿಂದ ಅದರ ಹೆಸರನ್ನೇ ಇಸಿದುಕೊಂಡಿತು. ಕೊನೆಗೆ ಹಳೆಯ ಮೆಣಸೇ ‘ಕರಿ’ಯೆಂದೋ ‘ಕಾಳು’ ಎಂದೋ ವಿಶೇಷಣ ಹಚ್ಚಿಕೊಂಡು ತಾನು ಯಾರೆಂದು ಹೇಳಿಕೊಳ್ಳಬೇಕಾಯಿತು. ಮೆಣಸು ಒಯ್ದವರು ಮೆಣಸಿನಕಾಯಿ ಕೊಟ್ಟುಹೋದರು. ಬ್ಯಾಡಗಿಯ ಪೇಟೆಯನ್ನು ಕಂಡವರು ಈ ವಿನಿಮಯದಲ್ಲಿ ಲಾಭ ಯಾರದೆಂದು ಯೋಚಿಸಬಹುದು.

ಲಿಸ್ಬನ್ನಿಗೆ ಹೋಗಿ ಕರಾವಳಿಯನ್ನು ನೋಡದೆ ಬರುವುದು ಊಟ ಮುಗಿಸಿ ಮಜ್ಜಿಗೆ ಬಿಟ್ಟಂತೆ. ನದೀತೀರದ ನಿಲ್ದಾಣದಿಂದ ಕಶ್ಕೈಶ್ ಎಂಬ ಊರಿಗೆ ಹೋಗುವ ರೈಲು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ಎಡಗಡೆಯ ಕಿಟಕಿಯಲ್ಲಿ ಕೂತರೆ ಹೊಳೆ ಕಡಲಾಗುವುದನ್ನು ಕಾಣಬಹುದು. ಕಶ್ಕೈಶ್ ಬೆಸ್ತರ ಹಳ್ಳಿಯಾಗಿತ್ತು. 1870ರಲ್ಲಿ ದೊರೆ ಲೂಯಿಸನು ಬೇಸಗೆಯ ಬಿಡಾರ ಹೂಡಿದ ಮೇಲೆ ಸಿರಿವಂತರೆಲ್ಲ ಹಿಂಬಾಲಿಸಿದರು. ಪಕ್ಕದ ಎಸ್ತೊರಿಲ್ ಎರಡನೆಯ ಮಹಾಯುದ್ಧದಲ್ಲಿ ಪಟ್ಟ ಕಳೆದುಕೊಂಡ ರಾಜರಿಗೂ ಗೂಢಚಾರರಿಗೂ ತಂಗುದಾಣವಾಗಿತ್ತು. ಅಲ್ಲಿಯ ಜೂಜಿನ ಮನೆಯ ಬಗ್ಗೆ ಹೆಚ್ಚು ಬರೆಯಬೇಕಾದುದೇನೂ ಇಲ್ಲ. ಬೇಸಗೆಯಲ್ಲಿಯೂ ನೀರು ತಣ್ಣಗೆ ಕೊರೆಯುತ್ತದೆ. ಮಲ್ಪೆಯ ಬೆಚ್ಚನೆಯ ಕಡಲಿಗೆ ಒಗ್ಗಿದವರು ಮೊಣಕಾಲುದ್ದಕ್ಕೆ ಇಳಿದು ಹಿಂದಿರುಗುತ್ತಾರೆ.

ಕಶ್ಕೈಶಿನಿಂದ ಮುಂದೆ ಗಾಳಿ ಹುಚ್ಚೆದ್ದು ಬೀಸುವ ಮರಳತೀರಗಳು. ಆಮೇಲೆ ರೋಕ ಭೂಶಿರ. ಯೂರೋಪು ಖಂಡದ ಮುಖ್ಯ ಭೂಮಿಗೆ ಇದೇ ಪಶ್ಚಿಮದ ಕೊನೆ. 140 ಮೀಟರು ಎತ್ತರದ ಬಂಡೆ, ಕೆಳಗೆ ನೊರೆ, ಮುಂದೆ ಅಮೆರಿಕದವರೆಗೆ ಬರಿಯ ನೀರು. ಕಾಮೋಯಿಂಶನ ಒಂದು ಸಾಲನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಹತ್ತಿರದ ಕೊಲಾರೆಸ್ ಎಂಬಲ್ಲಿ ಮರಳಿನಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರು ಕಚ್ಚುವ ಹೇನೊಂದು ಯೂರೋಪಿನ ದ್ರಾಕ್ಷಿಯನ್ನೆಲ್ಲ ಹಾಳು ಮಾಡಿದಾಗ, ಮರಳಿನಲ್ಲಿ ಅದು ಬದುಕಲಾರದೆ ಈ ಬಳ್ಳಿಗಳು ಉಳಿದುಕೊಂಡವು.

ಒಳನಾಡಿನತ್ತ ತಿರುಗಿದರೆ ಮಂಜು ಕವಿದ ಸಿಂತ್ರ ಬೆಟ್ಟ. ಕೆಂಪು ಹಳದಿ ಬಳಿದ ಪೇನ ಅರಮನೆಯ ಮುಂದೆ ಪ್ರವಾಸಿಗರ ಜಾತ್ರೆ. ಕನ್ನಡ ಯಾತ್ರಿಕನಿಗೆ ಅದಕ್ಕಿಂತ ಹೆಚ್ಚಿನದೊಂದು ಸಂಗತಿ ಅಲ್ಲಿಯ ಪೆನ್ಯ ವೆರ್ದೆ ಎಂಬ ತೋಟದ ಮನೆಗೆ ಸೇರಿದ್ದು. ಆ ತೋಟ ಗೋವೆಯ ವೈಸರಾಯನಾಗಿದ್ದ ಜೊವಾವ್ ದ ಕಾಸ್ತ್ರೊನದು. ದೀವಿನ ಕೋಟೆಯನ್ನು ಮತ್ತೆ ಕಟ್ಟಲು ಹಣವಿಲ್ಲದಾಗ ಗೋವೆಯ ನಾಗರಿಕರಲ್ಲಿ ತನ್ನ ಗಡ್ಡದ ಕೂದಲನ್ನೇ ಒತ್ತೆಯಿಟ್ಟು ಸಾಲ ಎತ್ತಿದವನು ಇವನು. ಅವನ ತೋಟದಲ್ಲಿ ನಾಗರಿ ಲಿಪಿಯ ಸಂಸ್ಕೃತ ಶಿಲಾಶಾಸನವೊಂದಿತ್ತು. ವಿದ್ವಾಂಸರು ಓದಿದಾಗ ಅದು ಸೋಮನಾಥದ್ದೆಂದು ತಿಳಿಯಿತು: 1287ರ ಕಾಲದ, ವಾಘೇಲ ದೊರೆ ಸಾರಂಗದೇವನ ಆಳ್ವಿಕೆಯ, ತ್ರಿಪುರಾಂತಕನೆಂಬ ಪಾಶುಪತ ಯತಿಯ ತೀರ್ಥಯಾತ್ರೆಗಳನ್ನೂ ಅವನು ಎತ್ತಿಸಿದ ದೇವಾಲಯಗಳನ್ನೂ ಹೊಗಳುವ ಪ್ರಶಸ್ತಿ. ‘ಸಿಂತ್ರ ಪ್ರಶಸ್ತಿ’ ಎಂದೇ ಶಾಸನಶಾಸ್ತ್ರದಲ್ಲಿ ಅದಕ್ಕೆ ಹೆಸರು ಬಿದ್ದುಹೋಗಿದೆ. ಸೋಮನಾಥದ ಯತಿಯ ಕೀರ್ತಿ, ಅದನ್ನು ಓದಬಲ್ಲವರು ಒಬ್ಬರೂ ಇಲ್ಲದ ಬೆಟ್ಟದಲ್ಲಿ, ಓಕ್ ಮರಗಳ ನೆರಳಿನಲ್ಲಿ ಮುನ್ನೂರು ವರ್ಷಕ್ಕೂ ಮಿಗಿಲಾಗಿ ಮಳೆಯಲ್ಲಿ ನೆನೆಯಿತು.

ನದಿಯ ದಕ್ಷಿಣಕ್ಕೆ ಹೋಗಲು 1966ರಲ್ಲಿ ಕಟ್ಟಿದ ಕೆಂಪು ತೂಗುಸೇತುವೆಯುಂಟು. ಆಗ ಅದಕ್ಕೆ ಸಾಲಾಜಾರನ ಹೆಸರು. 1974ರ ಏಪ್ರಿಲ್ 25ರಂದು ಸೈನಿಕರು ಸರ್ವಾಧಿಕಾರವನ್ನು ಕೆಡವಿ, ಜನ ಅವರ ಬಂದೂಕಿನ ಬಾಯಿಗೆ ಹೂವು ಸಿಕ್ಕಿಸಿದ ಮೇಲೆ ಆ ದಿನದ ಹೆಸರೇ ಸೇತುವೆಗೆ ಬಂತು. ಆಚೆ ಸೆಸಿಂಬ್ರದ ಮೀನುಗಾರರ ಬಂದರು, ಅರ್ರಾಬಿದ ಬೆಟ್ಟಸಾಲು, ಅದರ ಕೆಳಗೆ ಗಾಳಿ ತಾಗದ ಹಸುರು ನೀರಿನ ಕೊಲ್ಲಿಗಳು. ಒಂದು ದಿನಕ್ಕೆ ಸಾಕು. ಆ ಕ್ರಾಂತಿಯ ಬಳಿಕವೇ, 1974ರ ಕೊನೆಯಲ್ಲಿ, ಗೋವೆ ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡಿತು. ಮಡಗಾಂವಿನ ಮನೆತನದ ಅಂತೋನಿಯೊ ಕೋಸ್ತ ಮುಂದೆ ಲಿಸ್ಬನ್ನಿನ ಮೇಯರಾಗಿ, 2015ರಿಂದ 2024ರವರೆಗೆ ದೇಶದ ಪ್ರಧಾನಿಯೂ ಆದರು. 2017ರ ಜನವರಿಯಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ಸಮ್ಮೇಳನಕ್ಕೆ ಅವರೇ ಮುಖ್ಯ ಅತಿಥಿಗಳಾಗಿ ಬಂದಿದ್ದರು.

ಉತ್ತರದ ಕರಾವಳಿಯಲ್ಲಿ ಮೊದಲು ಎರಿಸೈರ. 1910ರ ಅಕ್ಟೋಬರಿನಲ್ಲಿ ಪೋರ್ಚುಗಲ್ಲಿನ ಕೊನೆಯ ದೊರೆ ತಾಯಿ ಮತ್ತು ಅಜ್ಜಿಯೊಡನೆ ದೇಶ ಬಿಟ್ಟು ದೋಣಿ ಹತ್ತಿದ್ದು ಆ ಮರಳಿನಿಂದ. ಇನ್ನೂ ಮುಂದೆ, ಲಿಸ್ಬನ್ನಿನಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಪೆನೀಶ್. ಅಲೆಯ ಮೇಲೆ ಹಲಗೆಯಾಡುವ ತರುಣರು ಪ್ರಪಂಚದ ನಾನಾ ಭಾಗಗಳಿಂದ ಅಲ್ಲಿಗೆ ಬರುತ್ತಾರೆ. ಭಾರತೀಯನು ನೋಡಬೇಕಾದದ್ದು ಕಡಲಂಚಿನ ಕೋಟೆ. ಸಾಲಾಜಾರನ ಕಾಲದಲ್ಲಿ ಅದು ರಾಜಕೀಯ ಬಂದಿಗಳ ಸೆರೆಮನೆ. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಹೊತ್ತಿಸಿದ ಸತ್ಯಾಗ್ರಹದ ಬೆನ್ನಿನಲ್ಲಿ ತ್ರಿಸ್ತಾವ್ ಬ್ರಗಾಂಸ ಕುನ್ಹರನ್ನು ಹಿಡಿದು, ಸೈನಿಕ ನ್ಯಾಯಾಲಯದಲ್ಲಿ ಎಂಟು ವರ್ಷದ ಶಿಕ್ಷೆ ವಿಧಿಸಿ, ಕಡಲು ದಾಟಿಸಿ ತಂದಿಟ್ಟದ್ದು ಇಲ್ಲಿ. ಗಾಮನ ಹಡಗು ಹೋದ ದಾರಿಯನ್ನೇ ಅವರು ಹಿಂದುಮುಂದಾಗಿ, ಬಂದಿಯಾಗಿ, ಬಂದರು. ಬಿಡುಗಡೆಯಾದ ಮೇಲೆ ತಪ್ಪಿಸಿಕೊಂಡು ಭಾರತ ಸೇರಿ 1958ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಗೋವೆಯ ಬಿಡುಗಡೆಗೆ ಇನ್ನೂ ಮೂರು ವರ್ಷವಿತ್ತು.

ಕೋಟೆ ಈಗ ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ. 2024ರ ಏಪ್ರಿಲಿನಲ್ಲಿ, ಕ್ರಾಂತಿಯ ಐವತ್ತನೆಯ ವರ್ಷಕ್ಕೆ, ಪೂರ್ತಿಯಾಗಿ ತೆರೆಯಿತು. ಬಂದಿಗಳ ಕೋಣೆಗಳನ್ನೂ, ಹೆಂಡತಿಮಕ್ಕಳು ಗಾಜಿನ ಆಚೆ ಕುಳಿತು ಕಾವಲುಗಾರನ ಎದುರಿನಲ್ಲಿಯೇ ಮಾತಾಡಬೇಕಾಗಿದ್ದ ಭೇಟಿಯ ಕೋಣೆಯನ್ನೂ ಉಳಿಸಿಕೊಂಡಿದ್ದಾರೆ. ಪೆನೀಶಿಗೆ ರೈಲಿಲ್ಲ, ಲಿಸ್ಬನ್ನಿನಿಂದ ಬಸ್ಸು ಹಿಡಿಯಬೇಕು. ಬೆಳಗ್ಗೆ ಬೇಗ ಹೊರಟರೆ ಕೋಟೆಯನ್ನು ನೋಡಿ, ಬಂದರಿನಲ್ಲಿ ಮೀನು ಇಳಿಸುವುದನ್ನೂ ನೋಡಿಕೊಂಡು ಕತ್ತಲಾಗುವುದರೊಳಗೆ ಹಿಂದಿರುಗಬಹುದು. ಜೊತೆಯಲ್ಲಿ ದಪ್ಪನೆಯ ಉಣ್ಣೆಯಂಗಿ ಇರಲಿ. ಜುಲೈ ತಿಂಗಳಿನಲ್ಲಿಯೂ ಅಲ್ಲಿಯ ಗಾಳಿ ಮೈ ನಡುಗಿಸುತ್ತದೆ.